ಹುಮನಾಬಾದಕ್ಕೆ ಹೋಗುತ್ತಿದ್ದ ಕಾರ್ಡುಗಳು

ಮೊನ್ನೆ ನಮ್ಮ ಶಾಲೆಯ ಆಫೀಸಿನಲ್ಲಿ ಗುಮಾಸ್ತರು ಒಣಗಿಹೋದ ಸ್ಟಾಂಪ್ ಪ್ಯಾಡಿಗೆ ನೇರಳೆ ಶಾಯಿ ಹನಿಸುತ್ತಿದ್ದರು. ಸಹಿ ಹಾಕಲು ಬಗ್ಗಿದ ನಾನು ಪೆನ್ನು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟೆ. ಸ್ವಲ್ಪ ಔಷಧಿಯಂತೆ, ಸ್ವಲ್ಪ ಸಿಹಿಯಾಗಿ, ಮೂಗಿನ ಮೇಲ್ತುದಿಗೆ ಹೋಗಿ ಕೂರುವ ಆ ವಾಸನೆ ನಿಮಗೂ ಗೊತ್ತಿರಬಹುದು. ಈಗ ಹಬ್ಬದ ಶುಭಾಶಯಗಳೆಲ್ಲ ಮೊಬೈಲಿಗೆ ಬರುತ್ತವೆ. ಬೆಳಿಗ್ಗೆ ಬಂದದ್ದು ಸಂಜೆಗೆ ಅಳಿಸಿಹೋಗುತ್ತದೆ. ಆದರೆ ಬಸವಕಲ್ಯಾಣದ ಕೋಟೆಯ ಕಡೆಗಿನ ಓಣಿಯಲ್ಲಿದ್ದ ನಮ್ಮ ಮನೆಯಲ್ಲಿ ಹಬ್ಬ ಬರುವುದು ಮೊದಲು ಈ ವಾಸನೆಯಿಂದಲೇ ತಿಳಿಯುತ್ತಿತ್ತು. ಹೋಳಿಗೆಯ ಬೇಳೆ ಬೇಯುವುದು ಆಮೇಲೆ. ಈಗಲೂ ಅದು ಮೂಗಿಗೆ ಬಿದ್ದರೆ ಮೊದಲು ಒಂದು ಸಂತೋಷ ಏಳುತ್ತದೆ. ಅದರ ಬೆನ್ನಿಗೇ, ಬೇರೆ ಯಾರದೋ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಂಡು ಎದ್ದವಳ ಅಳುಕು.

ನನ್ನ ತಾಯಿ ನನ್ನನ್ನು ಹೆತ್ತ ವಾರದಲ್ಲೇ ತೀರಿಕೊಂಡಳು. ನನ್ನನ್ನು ಸಾಕಿದವಳು ಅಪ್ಪನ ತಂಗಿ ಕಾಶಿಬಾಯಿ. ಅವಳನ್ನು ನಾನು ಅವ್ವ ಎಂದೇ ಕರೆಯುತ್ತಿದ್ದೆ. ಅತ್ತೆ ಎಂದು ಕರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಅವಳ ಗಂಡನ ಮನೆ ಹುಮನಾಬಾದದಲ್ಲಿತ್ತು. ಅಲ್ಲಿ ಅವಳಿಗೆ ಜಗದೇವಿ ಎಂಬ ಮಗಳಿದ್ದಳು. ಇಷ್ಟು ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಬಾವಿ ಹಿತ್ತಲಲ್ಲಿದೆ, ಅಪ್ಪನ ಅಂಗಡಿ ತಹಸೀಲು ಕಚೇರಿಯ ಹತ್ತಿರ ಇದೆ ಎಂಬುದು ಗೊತ್ತಿದ್ದಂತೆಯೇ, ಜಗದೇವಿ ಅಕ್ಕ ಹುಮನಾಬಾದದಲ್ಲಿದ್ದಾಳೆ ಎಂಬುದೂ ಗೊತ್ತಿತ್ತು. ಬಸ್ಸು ಹತ್ತಿದರೆ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಬರುವ ಊರದು. ಅವಳು ಏಕೆ ಇಲ್ಲಿಲ್ಲ, ಅವ್ವ ಏಕೆ ಅಲ್ಲಿಲ್ಲ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇದ್ದ ಸುಖವನ್ನು ಮಕ್ಕಳು ಪ್ರಶ್ನಿಸುವುದಿಲ್ಲ.

ಅಪ್ಪ ರಬ್ಬರ್ ಶಿಕ್ಕಾ ಮಾಡಿಕೊಡುತ್ತಿದ್ದ. ವಕೀಲರದು, ಸೊಸಾಯಿಟಿಗಳದು, ಶಾಲೆಗಳದು, ಹೆಸರು ಹುದ್ದೆ ಇರುವ ಗುಂಡನೆಯ ಅಥವಾ ಉದ್ದನೆಯ ಮುದ್ರೆಗಳು. ಅಂಗಡಿಯಲ್ಲಿ ಮಿಕ್ಕ ರಬ್ಬರಿನ ತುಣುಕುಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಹಬ್ಬದ ಶುಭಾಶಯದ ಕಾರ್ಡುಗಳಿಗೆಂದು ಅವ್ವ ಅವುಗಳನ್ನು ಮಡಿಲಲ್ಲಿ ಸುರಿದುಕೊಂಡು ಹಳೆಯ ಬ್ಲೇಡಿನಿಂದ ಕೊರೆಯುತ್ತಿದ್ದಳು. ಗಿಳಿ, ಮಲ್ಲಿಗೆ, ಜೋಳದ ತೆನೆ, ಹಣತೆ, ಜೋಕಾಲಿ. ಕೊರೆದದ್ದನ್ನು ಖಾಲಿ ದಾರದ ರೀಲಿನ ತಳಕ್ಕೆ ಅಂಟಿಸಿದರೆ ಹಿಡಿಯಲು ಹದವಾದ ಶಿಕ್ಕಾ ಆಗುತ್ತಿತ್ತು. ಅಕ್ಷರಗಳನ್ನು ತಿರುವಿ ಕೊರೆಯಬೇಕಾದ್ದರಿಂದ ಕನ್ನಡಿ ಹಿಡಿದು ತಪ್ಪು ನೋಡುವುದು ನನ್ನ ಕೆಲಸ. ಡಬ್ಬಿಯ ಮುಚ್ಚಳದಲ್ಲಿ ಹಳೆಯ ಸೀರೆಯ ಬಟ್ಟೆ ಮಡಿಸಿಟ್ಟು, ಶಾಯಿಗೆ ಎರಡು ಹನಿ ಗ್ಲಿಸರಿನ್ ಬೆರೆಸಿ ನೆನೆಸಿದರೆ ಅದೇ ಪ್ಯಾಡು. ನೇರಳೆ, ಕೆಂಪು, ಹಸಿರು, ಮೂರು ಮುಚ್ಚಳ. ಕಾರ್ಡಿನ ಕೆಳಗೆ ಕೌದಿ ಮಡಿಸಿ ಹಾಕುತ್ತಿದ್ದಳು. ಗಟ್ಟಿ ನೆಲದ ಮೇಲೆ ಒತ್ತಿದರೆ ಗಿಳಿಯ ಹೊಟ್ಟೆ ಮೂಡುತ್ತದೆ, ಬಾಲ ಮೂಡುವುದಿಲ್ಲ ಎನ್ನುತ್ತಿದ್ದಳು. ಒತ್ತಿದ ಕಾರ್ಡುಗಳನ್ನು ಜೋಳ ಕೇರುವ ಮೊರದಲ್ಲಿ ಹರವಿ ಪಡಸಾಲೆಯ ನೆರಳಿನಲ್ಲಿ ಒಣಗಿಸುವುದು. ಓಣಿಯವರೂ ಕೇಳಿ ಮಾಡಿಸಿಕೊಳ್ಳುತ್ತಿದ್ದರು. ಬಾಜೂಮನೆಯ ಖಾಲಾಗೆ ರಂಜಾನಿಗೆ ಚಂದ್ರ ಬೇಕು. ಬೆಳಗಾವಿಯಲ್ಲಿ ಮಗನಿದ್ದ ಶರಣಮ್ಮನಿಗೆ ದೀಪಾವಳಿಗೆ ಹಣತೆ ಬೇಕು.

ಪ್ರತಿ ಹಬ್ಬಕ್ಕೂ ಎಲ್ಲಕ್ಕಿಂತ ಚೆಂದ ಮೂಡಿದ ಕಾರ್ಡನ್ನು ಅವ್ವ ಬೇರೆ ತೆಗೆದಿಡುತ್ತಿದ್ದಳು. ಅದು ಜಗದೇವಿ ಅಕ್ಕನಿಗೆ. ಅದನ್ನು ಒತ್ತುವಾಗ ಅಂಚನ್ನು ಅಲುಗದಂತೆ ಹಿಡಿದುಕೊಳ್ಳುವ ಅಧಿಕಾರ ನನ್ನದು. ಅವ್ವ ಉಸಿರು ಹಿಡಿದು ಶಿಕ್ಕಾ ಇಳಿಸುತ್ತಿದ್ದಳು, ಎತ್ತುವಾಗ ಅವಳ ತುಟಿ ತುಸು ತೆರೆಯುತ್ತಿತ್ತು. ಒಳಗೆ ಬರೆಯುತ್ತಿದ್ದುದು ಹಬ್ಬದ ಹೆಸರು ಮತ್ತು ‘ನಿನ್ನ ಅವ್ವ’ ಎಂಬ ಎರಡು ಮಾತು, ಅಷ್ಟೇ. ಅಂಚೆಗೆ ಹಾಕಿ ಬಂದ ಮೇಲೆ ಕೆಲವು ದಿನ ಪೋಸ್ಟಿನವನ ಸೈಕಲ್ಲಿನ ಸದ್ದಿಗೆ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಬಾಗಿಲಿಗೆ ಬರುತ್ತಿದ್ದಳು. ಹುಮನಾಬಾದದಿಂದ ಏನೂ ಬರುತ್ತಿರಲಿಲ್ಲ. ಆಮೇಲೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಹಸಿವಿಲ್ಲ ಎಂದರೂ ಬಿಡದೆ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಉಣ್ಣಿಸುತ್ತಿದ್ದಳು. ಆ ತುತ್ತುಗಳು ನನಗೆ ತುಂಬ ರುಚಿಸುತ್ತಿದ್ದವು.

ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ಪಂಚಮಿಗೆ ಜಗದೇವಿ ಅಕ್ಕ ಬಂದಳು. ಅಲ್ಲಿಯವರೆಗೆ ಕಳಿಸಲು ಒಪ್ಪದಿದ್ದ ಅವಳ ಅಜ್ಜಿ ತೀರಿಕೊಂಡಿದ್ದಳು. ಅವಳ ಚಿಕ್ಕಪ್ಪ ಕರೆತಂದು ಬಿಟ್ಟುಹೋದ. ಎತ್ತರದ, ಕಡಿಮೆ ಮಾತಿನ ಹುಡುಗಿ. ಎರಡು ಜಡೆ, ತಾನೇ ಹೆಣೆದುಕೊಂಡದ್ದು. ಅವ್ವ ಎಣ್ಣೆ ಬಾಚಣಿಗೆ ಹಿಡಿದು ಬಂದರೆ, ನನಗೆ ರೂಢಿ ಅದರಿ, ನಾನೇ ಹಾಕ್ಕೋತೀನಿ ಎಂದಳು. ಊಟಕ್ಕೆ ಕೂತಾಗ ಅವ್ವ ಅವಳ ತಾಟಿಗೆ ಇನ್ನೊಂದು ಕಡುಬು ಹಾಕಲು ಹೋದಳು. ಜಗದೇವಿ ಅಕ್ಕ ಕೈ ಅಡ್ಡ ಹಿಡಿದು, “ಸಾಕ್ರಿ. ನೀವೂ ಉಣ್ರಿ” ಎಂದಳು.

ಬೀಗರ ಮನೆಯಲ್ಲಿ ಆಡುವಂಥ ಮಾತು ಅದು. ನಾನು ಹುಟ್ಟಿದಾಗಿನಿಂದ ಅವ್ವನನ್ನು ನೀ, ಬಾ, ಕೊಡು ಎಂದೇ ಮಾತಾಡಿಸಿದವಳು. ಹೊಟ್ಟೆಯಲ್ಲಿ ಹುಟ್ಟಿದವಳು ಅವಳಿಗೆ ‘ರಿ’ ಹಚ್ಚುತ್ತಿದ್ದಳು. ಅವ್ವ ಕಡುಬನ್ನು ಹಾಗೆಯೇ ಹಿಡಿದುಕೊಂಡು ಒಲೆಯ ಕಡೆ ತಿರುಗಿದಳು. ನನಗೆ ಆಗ ಅದು ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ನನ್ನ ತಾಟಿನ ಕಡುಬನ್ನು ಅಂಚಿಗೆ ಸರಿಸಿದೆ.

ಮಧ್ಯಾಹ್ನ ಓಣಿಯ ಹುಡುಗಿಯರೆಲ್ಲ ಜೋಕಾಲಿಗೆ ಹೋದಾಗ ನಾವಿಬ್ಬರೇ ಪಡಸಾಲೆಯಲ್ಲಿ ಉಳಿದೆವು. ಅವಳನ್ನು ಮೆಚ್ಚಿಸಬೇಕೆಂದು ನಾನು ಶಿಕ್ಕಾಗಳನ್ನೆಲ್ಲ ಸಾಲಾಗಿ ಇಟ್ಟು ತೋರಿಸಿದೆ. ಅವಳು ಒಂದೊಂದನ್ನೇ ಎತ್ತಿ ತಳ ನೋಡಿ ಇಡುತ್ತಿದ್ದಳು. ಕಾರ್ಡುಗಳು ಮುಟ್ಟಿದವೇ ಎಂದು ಕೇಳಿದೆ. ಎಲ್ಲಾ ಮುಟ್ಟಿವೆ, ಟ್ರಂಕಿನಲ್ಲಿ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದೇನೆ ಎಂದಳು. ಮರುಪತ್ರ ಬರೆಯಲು ಮನೆಯಲ್ಲಿ ಬಿಡುತ್ತಿರಲಿಲ್ಲವಂತೆ. ಆಮೇಲೆ ನನ್ನ ಕೈ ಹಿಡಿದು, ಶಾಯಿ ಹತ್ತಿದ ಹೆಬ್ಬೆರಳನ್ನು ತಿರುಗಿಸಿ ನೋಡಿದಳು.

“ಎಲ್ಲಾ ಕಾರ್ಡಿನ ಅಂಚಿಗೂ ಒಂದು ಹೆಬ್ಬಟ್ಟಿನ ಗುರುತು ಇರ್ತಿತ್ತು. ಅವ್ವಂದು ಅಂತ ತಿಳಕೊಂಡು ಅದರ ಮ್ಯಾಲೆ ನನ್ನ ಬೆರಳ ಇಟ್ಟು ನೋಡ್ತಿದ್ದೆ. ನಂದಕ್ಕಿಂತ ಸಣ್ಣದಿತ್ತು. ಅವ್ವನ ಬೆರಳು ನಂದಕ್ಕಿಂತ ಸಣ್ಣದು ಹ್ಯಾಂಗ ಇರ್ತದ ಅಂತ ಭಾಳ ದಿನ ತಿಳೀಲಿಲ್ಲ ನೋಡು.”

ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದು ತನಗೇ ಎಂಬಂತಿತ್ತು. ನಂತರ, ನಾನು ಕೇಳದೆಯೇ, ಮನೆಯಲ್ಲಿ ತಾನು ಕೇಳಿ ಬೆಳೆದ ಕತೆಯನ್ನು ಹೇಳಿದಳು. ನಾನು ಹುಟ್ಟಿ ತಾಯಿ ಸತ್ತಾಗ, ಕೂಸು ಕೂರುವಷ್ಟಾಗಲಿ, ಬಂದುಬಿಡುತ್ತೇನೆ ಎಂದು ಹೇಳಿ ಅವ್ವ ಹುಮನಾಬಾದ ಬಿಟ್ಟಳಂತೆ. ಜಗದೇವಿ ಅಕ್ಕ ಆಗ ಇನ್ನೂ ಶಾಲೆಗೆ ಹೋಗದ ಮಗು. ಕೂಸು ಕೂತಿತು, ನಡೆಯಿತು, ಅವ್ವ ಬರಲಿಲ್ಲ. ಅದನ್ನು ಬಿಟ್ಟು ಬಾ ಎಂದು ಹೇಳಿಕಳಿಸಿದರು. ಬಿಡಲಾರೆ ಎಂದಳಂತೆ. ಜಗದೇವಿ ಅಕ್ಕನ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡ.

ಹುಟ್ಟುವುದು ತಪ್ಪಲ್ಲ ಎಂದು ಈಗ ನಾನೇ ತರಗತಿಯಲ್ಲಿ ಮಕ್ಕಳಿಗೆ ಹೇಳಬಲ್ಲೆ. ಆ ಮಧ್ಯಾಹ್ನ ಹೇಳುವವರು ಯಾರೂ ಇರಲಿಲ್ಲ. ತೆಗೆದುಕೊಂಡದ್ದನ್ನು ವಾಪಸು ಕೊಡಬೇಕು ಎಂದಷ್ಟೇ ನನಗೆ ತೋಚಿತು. ಕೊಡಲು ನನ್ನಲ್ಲಿ ಇದ್ದದ್ದು ಒಂದೇ, ಅವ್ವ ಎನ್ನುವ ಕರೆ. ಅಂದು ಸಂಜೆ ಅವ್ವ ದೀಪಕ್ಕೆ ಎಣ್ಣೆ ತರಲು ಕರೆದಾಗ, ಬಂದೆ ಅತ್ತಿ, ಎಂದೆ. ಅವ್ವ ಕೇಳಿಸಲಿಲ್ಲವೇನೋ ಎಂಬಂತೆ ಬತ್ತಿ ಹೊಸೆಯತೊಡಗಿದಳು. ಜಗದೇವಿ ಅಕ್ಕ ಮರುದಿನ ಹೋದಳು. ನಾನು ಮಾತ್ರ ಅತ್ತಿ ಎನ್ನುವುದನ್ನು ಬಿಡಲಿಲ್ಲ. ಶಿಕ್ಕಾ ಒತ್ತುವಾಗ ಅಂಚು ಹಿಡಿಯಲು ಕರೆದರೆ ಓದುವುದಿದೆ ಎಂದು ಹೊರಗೆ ಹೋಗುತ್ತಿದ್ದೆ. ಕೆಲವು ದಿನದ ಮೇಲೆ ಅವ್ವ ನನ್ನ ಗದ್ದ ಹಿಡಿದು, “ಯಾಕ ಸುವ್ವಿ, ನಾ ಏನ್ ಮಾಡೇನಿ?” ಎಂದು ಕೇಳಿದಳು. ನಾನು ಗದ್ದ ಬಿಡಿಸಿಕೊಂಡು ಹಿತ್ತಲಿಗೆ ಹೋದೆ. ಇಬ್ಬರು ಮಕ್ಕಳಿದ್ದೂ ಅವ್ವ ಎನ್ನುವವರು ಇಲ್ಲದಂತೆ ಆ ಹೆಂಗಸು ವರ್ಷಗಳನ್ನು ಕಳೆದಳು. ನಾನು ಕೊಟ್ಟದ್ದು ಜಗದೇವಿ ಅಕ್ಕನಿಗೂ ಹೋಗಿ ಮುಟ್ಟಲಿಲ್ಲ.

ನಾನು ಹೈಸ್ಕೂಲಿಗೆ ಬಂದಾಗ ಜಗದೇವಿ ಅಕ್ಕನ ಮದುವೆ ಹುಮನಾಬಾದದಲ್ಲೇ ಗೊತ್ತಾಯಿತು. ಲಗ್ನಪತ್ರಿಕೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಮಲತಾಯಿಯ ಹೆಸರು ಅಚ್ಚಾಗಿತ್ತು. ಆದರೆ ಜಗದೇವಿ ಅಕ್ಕ ಹಟ ಹಿಡಿದು, ಲಕೋಟೆಗಳನ್ನೆಲ್ಲ ಅದೇ ಚಿಕ್ಕಪ್ಪನ ಕೈಯಲ್ಲಿ ನಮ್ಮ ಮನೆಗೆ ಕಳಿಸಿದ್ದಳು. ಪ್ರತಿಯೊಂದರ ಮೇಲೂ ಅವ್ವನ ಗಿಳಿ ಇರಬೇಕು, ಇಲ್ಲದ ಲಕೋಟೆ ಯಾರ ಮನೆಗೂ ಹೋಗಬಾರದು ಎಂದು ಹೇಳಿಕಳಿಸಿದ್ದಳು. ಅವ್ವ ಹೊಸ ಗಿಳಿ ಕೊರೆದಳು. ಹೊಸ ಬಟ್ಟೆ ಮಡಿಸಿ ಹಸಿರು ಶಾಯಿ ನೆನೆಸಿದಳು. ಲಕೋಟೆಯ ಅಂಚು ಹಿಡಿಯಲು ಯಾರೂ ಇರಲಿಲ್ಲ. ಮೊದಲ ಲಕೋಟೆ ಜಾರಿ ಗಿಳಿಗೆ ಎರಡು ಕೊಕ್ಕು ಮೂಡಿದವು. ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಬಂದು ಹಿಡಿ” ಎಂದಳು. ನನ್ನ ಬೆರಳಿನ ಗುರುತು ಹತ್ತುತ್ತದೆ, ನಾನು ಮುಟ್ಟುವುದಿಲ್ಲ ಎಂದೆ. ಹತ್ತಿದರೆ ಏನಾಯಿತು ಎಂದಳು. ಆಗ ನಾನು ಅಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನೆಲ್ಲ ಅಳುತ್ತ ಹೇಳಿದೆ, ನಾನು ಹುಟ್ಟದಿದ್ದರೆ ಅಕ್ಕನಿಗೆ ತಾಯಿ ಇರುತ್ತಿದ್ದಳು ಎಂದೆ. ಅವ್ವ ಶಿಕ್ಕಾವನ್ನು ಮುಚ್ಚಳದಲ್ಲಿ ಇಟ್ಟಳು. ಬಹಳ ಹೊತ್ತು ಅಂಗೈಯ ಹಸಿರನ್ನು ಸೆರಗಿಗೆ ಒರೆಸಿಕೊಂಡಳು.

“ನೀ ಕುಂತಿ, ನಿಂತಿ, ನಡದಾಡಿದಿ. ಆವಾಗ ಹೋಗಬೌದಿತ್ತು. ನಾನೇ ಹೋಗಲಿಲ್ಲ. ಆ ಮನ್ಯಾಗ ನಾ ಒಂದಿನ ನಕ್ಕದ್ದು ನೆನಪಿಲ್ಲ. ಕೂಸಿನ್ನ ಬಿಟ್ಟು ಬರಾಕ ಆಗಲ್ಲ ಅಂತ ಎಲ್ಲಾರ ಮುಂದ ನಿನ್ನ ಹೆಸರು ಹೇಳಿದೆ. ಜಗದೇವಿನ್ನ ಇಲ್ಲಿಗೆ ಕೊಡ್ತಾರ ಅನ್ಕೊಂಡಿದ್ದೆ. ಕೊಡಲಿಲ್ಲ.” ಶಿಕ್ಕಾವನ್ನು ಮತ್ತೆ ಎತ್ತಿಕೊಂಡು ಹೇಳಿದಳು, “ಅಕಿ ಮುಂದ ಇದನ್ನ ಹೇಳೋ ಧೈರ್ಯ ನನಗಿಲ್ಲ.”

ನಾನು ಹೋಗಿ ಕೂತು ಲಕೋಟೆಯ ಅಂಚು ಹಿಡಿದೆ. ಕತ್ತಲಾಗುವವರೆಗೆ ಒತ್ತಿದೆವು. ನಡುವೆ ಎಲ್ಲೋ ಒಮ್ಮೆ, ಅವ್ವಾ ಶಾಯಿ ಕಡಿಮೆ ಆತು, ಎಂದೆ. ಅವಳು ಶಾಯಿ ಹಾಕಿದಳು. ಮದುವೆಗೆ ಹೋಗಿ ಹೆಣ್ಣುಮಕ್ಕಳ ಸಾಲಿನಲ್ಲಿ ಹಿಂದೆ ಕೂತು ಅಕ್ಷತೆ ಹಾಕಿ ಬಂದೆವು. ಜಗದೇವಿ ಅಕ್ಕ ಎಲ್ಲರಿಗೂ ಮಾಡಿದಂತೆ ಅವ್ವನ ಕಾಲಿಗೂ ನಮಸ್ಕರಿಸಿದಳು. ಅವ್ವ ಎತ್ತಿ ತಬ್ಬಿಕೊಳ್ಳಲು ಕೈ ಚಾಚುವಷ್ಟರಲ್ಲಿ ಯಾರೋ ಮದುಮಗಳನ್ನು ಮುಂದಕ್ಕೆ ಕರೆದರು.

ಅಪ್ಪ ಹೋದ. ಕೆಲವು ವರ್ಷಗಳ ಹಿಂದೆ ಅವ್ವನೂ ಹೋದಳು. ನಾವಿಬ್ಬರೂ ಸೇರಿ ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ ಕೂರಿಸಿದೆವು. ತಲೆ ಬಾಚುವಾಗ ಬಾಚಣಿಗೆಯನ್ನು ನಾನು ಜಗದೇವಿ ಅಕ್ಕನ ಕೈಗೆ ಕೊಟ್ಟೆ. ಬೈತಲೆ ಯಾವ ಕಡೆ ತೆಗೀತಿದ್ಲು ಎಂದು ಅವಳು ನನ್ನನ್ನು ಕೇಳಬೇಕಾಯಿತು. ಓಣಿಯ ಮನೆಯನ್ನು ಕೊಂಡವರು ಕೆಡವಿ ಕಟ್ಟಿಸಿದ್ದಾರೆ. ಪಡಸಾಲೆ ಇದ್ದ ಜಾಗದಲ್ಲಿ ಈಗ ಷಟರು ಇಳಿಬಿಟ್ಟ ಅಂಗಡಿ. ನನಗೆ ಹುಮನಾಬಾದಕ್ಕೇ ವರ್ಗವಾಯಿತು. ರವಿವಾರ ಸಂಜೆ ಜಗದೇವಿ ಅಕ್ಕನ ಮನೆಗೆ ಹೋಗುತ್ತೇನೆ. ಕಟ್ಟೆಯ ಮೇಲೆ ಕೂತು ಅವರೆಕಾಯಿಯನ್ನೋ ಮತ್ತೇನನ್ನೋ ಸುಲಿಯುತ್ತ ಮಾತಾಡುತ್ತೇವೆ. ಅವಳ ಕೂದಲು ನನಗಿಂತ ಮೊದಲು ಬೆಳ್ಳಗಾಗಿದೆ.

ಕಳೆದ ವಾರ ಅವಳು ತಲೆಯೆತ್ತದೆ ಕೇಳಿದಳು, “ನೀ ಸಣ್ಣಾಕಿ ಇದ್ದಿ. ನಿನ್ನ ಬಿಟ್ಟು ಬರಾಕ ಅಕಿಗೆ ಆಗಲಿಲ್ಲ. ಅಷ್ಟೇ ಅಲಾ?”

ಲಕೋಟೆ ಒತ್ತಿದ ದಿನ ಅವ್ವ ಹೇಳಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು, ಅವಳ ಎದೆಯ ಮೇಲೆ ಹೋಗಿ ಕೂರುತ್ತಿತ್ತು. “ಹೌದಕ್ಕ, ನನ್ನ ಸಲುವಾಗೇ ಉಳಿದ್ಲು” ಎಂದೆ.

ಅವಳು ತಲೆಯಾಡಿಸಿದಳು. ಇನ್ನೊಂದು ಕಾಯಿ ಸುಲಿದ ಮೇಲೆ, ಅವ್ವ ಮುಂಜಾನೆ ಎದ್ದು ಮೊದಲು ಏನು ಮಾಡುತ್ತಿದ್ದಳು ಎಂದು ಕೇಳಿದಳು. ಹೇಳಿದೆ. ಯಾವ ಪಲ್ಯ ಅವಳಿಗೆ ಸೇರುತ್ತಿರಲಿಲ್ಲ, ಸಿಡಿಲಿಗೆ ಹೆದರುತ್ತಿದ್ದಳೇ, ಕೆಲಸ ಮಾಡುವಾಗ ಗುನುಗುತ್ತಿದ್ದಳೇ ಎಂದು ಒಂದೊಂದಾಗಿ ಕೇಳುತ್ತ ಹೋದಳು. ನನಗೆ ನೆನಪಿದ್ದುದನ್ನೆಲ್ಲ ಹೇಳುತ್ತ ಹೋದೆ.

“ನಿನ್ನ ಹ್ಯಾಂಗ ಎಬ್ಬಸ್ತಿದ್ಲು?”

ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕಾಲ ಹತ್ತಿರ ಕೂತು ಅಂಗಾಲನ್ನು ಮೆಲ್ಲಗೆ ತಿಕ್ಕುತ್ತಿದ್ದಳು, ಕಣ್ಣು ಬಿಡುವವರೆಗೂ ತಿಕ್ಕುತ್ತಲೇ ಇರುತ್ತಿದ್ದಳು ಎಂದೆ. ಜಗದೇವಿ ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ತನ್ನ ಅಂಗಾಲನ್ನು ಒಮ್ಮೆ ಮುಟ್ಟಿ ನೋಡಿ, ಕಟ್ಟೆಯ ಮೇಲೆ ಚಾಚಿಕೊಂಡಿದ್ದ ಕಾಲುಗಳನ್ನು ನಿಧಾನವಾಗಿ ಸೀರೆಯೊಳಗೆ ಎಳೆದುಕೊಂಡಳು.