ಮಂಗಳವಾರದ ಮೊದಲ ಎಲೆ

ಮಂಗಳವಾರ ಬಂತೆಂದರೆ ನಾನು ಎಲ್ಲರಿಗಿಂತ ಮೊದಲು ಊಟಕ್ಕೆ ಕೂರುತ್ತೇನೆ. ಉಳಿದ ದಿನಗಳಲ್ಲಿ ಕೊನೆಗೆ ಪಾತ್ರೆಯ ತಳ ಬಳಿದುಕೊಳ್ಳುವವಳು, ಆ ದಿನ ನೆಂಟರಿದ್ದರೂ ಮೊದಲ ಎಲೆ ಹಾಕಿಕೊಳ್ಳುವುದನ್ನು ಕಂಡು ನೀವು, "ಅಜ್ಜಿಗೆ ಮಂಗಳವಾರ ಹಸಿವು ಜಾಸ್ತಿ ಕಣೋ" ಎಂದು ನಗುತ್ತೀರಿ. ನಗಿ. ಆದರೆ ಆ ಹಸಿವು ನನ್ನದಲ್ಲ, ನಿಮ್ಮ ತಾತನದು. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಟೇಕಲ್ಲಿನ ಶಾಲೆಯಲ್ಲಿ ಅಷ್ಟಿಷ್ಟು; ತಪ್ಪಿದ್ದರೆ ತಿದ್ದಿಕೊಳ್ಳಿ.

ತಾತ ಮುಳಬಾಗಿಲಿನಿಂದ ಬೆಂಗಳೂರಿಗೆ ಬಿ.ಎ. ಓದಲು ಹೋದಾಗ, ಫೀಜು ಕಟ್ಟುವಷ್ಟರಲ್ಲೇ ಅವರ ತಂದೆಯ ಕೈ ಬರಿದಾಗಿತ್ತು. ಹಾಸ್ಟೆಲಿನ ಮಾತೇ ಇಲ್ಲ. ಆಗ ಬಡ ವಿದ್ಯಾರ್ಥಿಗಳಿಗೆ ವಾರಾನ್ನವೆಂಬುದಿತ್ತು: ದಿನಕ್ಕೊಂದು ಮನೆಯಲ್ಲಿ ಊಟ. ತಾತನಿಗೆ ಉಳಿದೆಲ್ಲ ದಿನಕ್ಕೂ ಮನೆ ಸಿಕ್ಕಿತು, ಮಂಗಳವಾರಕ್ಕೆ ಸಿಗಲಿಲ್ಲ. ಜಮೀನ್ದಾರರ ಮಕ್ಕಳ ಮುಂದೆ ಅದನ್ನು ಹೇಳುವುದು ಹೇಗೆ? ತಮ್ಮೂರ ಹತ್ತಿರದ ಕುರುಡುಮಲೆ ಗಣಪತಿಗೆ ಹರಕೆ, ಮಂಗಳವಾರ ಉಪವಾಸ ಎಂದುಬಿಟ್ಟರು.

ದುಡ್ಡಿದ್ದ ಹುಡುಗರು ಹೋಟೆಲಿಗೆ ಹೊರಟಾಗ, "ಸ್ವಾಮಿಗಳನ್ನ ಕರೀಬೇಡ್ರೋ, ಪಾಪ ಬರುತ್ತೆ" ಎಂದು ಗೌರವದಿಂದ ಬಿಟ್ಟುಹೋಗುತ್ತಿದ್ದರಂತೆ. ಪರೀಕ್ಷೆ ಹತ್ತಿರವಾದಾಗ ಅವರೇ ತೆಂಗಿನಕಾಯಿ ತಂದುಕೊಟ್ಟು, ನಮಗಾಗಿಯೂ ಬೇಡಿಕೊಳ್ಳಿ ಎಂದರು. ಉಪವಾಸಕ್ಕೆ ಕಾಯಿ ಅಡ್ಡಿಯಿಲ್ಲ. ತಾತ ಭಕ್ತಿಯಿಂದ ಒಡೆದು ತಿಂದರು. ಕೊಟ್ಟವರು ಪಾಸಾದರು. ಹರಕೆಯ ಖ್ಯಾತಿ ಮುಳಬಾಗಿಲಿಗೂ ಮುಟ್ಟಿತು.

ಇದೊಂದೂ ತಿಳಿಯದೆ ಮದುವೆಯಾಗಿ ಬಂದ ನನಗೆ ಅತ್ತೆ ಮೊದಲು ಹೇಳಿದ್ದು, "ನಿನ್ ಗಂಡನ ಮಂಗಳವಾರದ ವ್ರತ ಕೆಡಿಸ್ಬೇಡ ಕಣಮ್ಮ." ಕೆಡಿಸುವುದಿರಲಿ, ನಾನೂ ಸೇರಿಕೊಂಡೆ. ತಾತ ಕೋಲಾರದಲ್ಲಿ ಮೇಷ್ಟರಾಗಿ ಸಂಬಳ ತರತೊಡಗಿದ ಮೇಲೂ ಮಂಗಳವಾರ ನಮ್ಮ ಒಲೆಗೆ ರಜ.

ಒಮ್ಮೆ ಅವರ ಶಿಷ್ಯನೊಬ್ಬ, ಶ್ರೀನಿವಾಸಪುರದ ಕಡೆಯವನು, ವಾರಾನ್ನ ಕೇಳಿಕೊಂಡು ಬಂದ. "ಮಂಗಳವಾರ ಬಾರೋ" ಎಂದರು ತಾತ. ಒಲೆ ಹಚ್ಚದ ದಿನವೇ ಬೇಕಿತ್ತೇ ಇವರಿಗೆ ಎಂದುಕೊಂಡೆ. ಅವನೊಬ್ಬನಿಗೆ ಅನ್ನ, ಅವರೆಕಾಳಿನ ಹುಳಿ ಮಾಡಿ ಬಡಿಸಿದೆ. ಹುಡುಗ ಎಲೆ ನೋಡಿದ, ಎಲೆ ಹಾಕಿಕೊಳ್ಳದೆ ಕೂತಿದ್ದ ನಮ್ಮಿಬ್ಬರನ್ನೂ ನೋಡಿದ.

"ನಂಗೂ ಇವತ್ತು ಉಪವಾಸ ಅಮ್ಮ."

"ಯಾವ ದೇವ್ರಿಗೋ?" ಎಂದರು ತಾತ.

"ಕುರುಡುಮಲೆ ಗಣಪತಿಗೆ ಸಾರ್."

"ಆ ಸುಳ್ಳು ನಂದು ಕಣೋ. ನೀನು ಬೇರೆ ಹುಡುಕ್ಕೋ."

ಆಮೇಲೆ ಗೋಡೆ ನೋಡುತ್ತಾ ಬೆಂಗಳೂರಿನ ಕಥೆಯನ್ನೆಲ್ಲ ಹೇಳಿದರು.

"ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದೆ.

"ಹೇಳೋಣ ಅಂತಿದ್ದೆ ಕಣೇ. ನೀನು ಅಷ್ಟು ಭಕ್ತಿಯಿಂದ ಹಸ್ಕೊಂಡಿದ್ದೆ."

ಹುಡುಗ ಇನ್ನೂ ಎಲೆಗೆ ಕೈ ಹಾಕಿರಲಿಲ್ಲ. ಗಂಡನಿಗಿಂತ ಮೊದಲು ಎಂದೂ ಉಣ್ಣದ ನಾನು, ಒಂದು ಎಲೆ ಎಳೆದುಕೊಂಡು, ಬಡಿಸಿಕೊಂಡು, ತುತ್ತು ಬಾಯಿಗಿಟ್ಟೆ. ಆಮೇಲೆ ಅವನ ಕೈ ಎಲೆಗೆ ಹೋಯಿತು, ಕೊನೆಗೆ ತಾತನದು. ಒಬ್ಬನಿಗೆ ಮಾಡಿದ್ದನ್ನು ಮೂವರು ಉಂಡೆವು. ಯಾರ ಹೊಟ್ಟೆಯೂ ತುಂಬಲಿಲ್ಲ. ಮುಂದಿನ ಮಂಗಳವಾರದಿಂದ ಮೂವರಿಗೂ ಆಗುವಷ್ಟು ಮಾಡಿ, ಮೊದಲ ಎಲೆ ನಾನೇ ಹಾಕಿಕೊಳ್ಳತೊಡಗಿದೆ.

ಅಷ್ಟೆಲ್ಲ ಕಾಲ ತನ್ನ ಹೆಸರಿನಲ್ಲಿ ನಾವು ಹಸಿದಿದ್ದದ್ದು ಅಷ್ಟು ದೊಡ್ಡ ಹೊಟ್ಟೆಯ ದೇವರಿಗೆ ಹಿಡಿಸಿತ್ತೆಂದು ನನಗನ್ನಿಸುವುದಿಲ್ಲ.

ಈಗ ನೀವು ಕಾಲೇಜಿನ ಸ್ನೇಹಿತರನ್ನು ಮನೆಗೆ ಕರೆತರುತ್ತೀರಿ. ಅವರಲ್ಲಿ ಯಾರಾದರೊಬ್ಬರು "ಬೇಡಮ್ಮ, ಹಸಿವಿಲ್ಲ" ಎನ್ನುತ್ತಾರೆ. ನಾನು ಏನೂ ಕೇಳುವುದಿಲ್ಲ. ಅಂದು ಯಾವ ವಾರವಾದರೂ ಸರಿ, ಮೊದಲು ನನ್ನ ಎಲೆ ಹಾಕಿಕೊಳ್ಳುತ್ತೇನೆ. ನಾನು ತಪ್ಪದೆ ನಡೆಸಿಕೊಂಡು ಬಂದಿರುವ ವ್ರತ ಇದೊಂದೇ.