ಇಪ್ಪತ್ಮೂರನೆಯ ಪುಟದ ಬಲೂನು

ಬೈಂಡರ್ ಕೈಯಲ್ಲಿದ್ದ ಬ್ಲೇಡು ಜಾರಿ ಮುಖಪುಟ ಸೀಳಿಹೋಗಬಹುದಿತ್ತು. ತುಕ್ಕು ಹಿಡಿದ ಪಿನ್ನು ಮುರಿದು ನಡುವಿನ ಹಾಳೆಗಳು ಕಳಚಿಕೊಳ್ಳಬಹುದಿತ್ತು. ಹರಾಜಿನ ವೆಬ್‌ಸೈಟಿನವರು ನನ್ನನ್ನು ಮೋಸಗಾರನೆಂದು ತೀರ್ಮಾನಿಸಿ ಖಾತೆ ಮುಚ್ಚಬಹುದಿತ್ತು. ಕೊಳ್ಳುವ ಹೆಂಗಸು ಹೆಂಗಸೇ ಆಗಿರದೆ, ಯಾವುದೋ ದೇಶದಲ್ಲಿ ಕುಳಿತ ಮೀಸೆಯ ಕಳ್ಳನಾಗಿರಬಹುದಿತ್ತು. ಮೈಸೂರಿನಲ್ಲಿರುವ ನನ್ನ ಅಣ್ಣನಿಗೆ ಸುದ್ದಿ ಮುಟ್ಟಿ, "ಆ ಪುಸ್ತಕ ನಂದು ಕಣೋ" ಎಂದು ಮೂವತ್ತು ವರ್ಷಗಳ ಮೇಲೆ ಹಕ್ಕು ಸಾಧಿಸಬಹುದಿತ್ತು. ಬಸ್ಸಿನಲ್ಲಿ ಯಾರಾದರೂ ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇದೆಯೆಂದುಕೊಂಡು ಎಗರಿಸಬಹುದಿತ್ತು. ಮಳೆ ಬರಬಹುದಿತ್ತು, ಅದು ಮಾರ್ಚ್ ತಿಂಗಳು, ನಿಜ, ಆದರೆ ಬೆಂಗಳೂರಿನ ಮೋಡವನ್ನು ನಂಬುವವನು ನಾನಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನಾನು ಮಲ್ಲೇಶ್ವರ ತಲುಪುವಷ್ಟರಲ್ಲಿ ಎಪ್ಪತ್ತೈದು ದಾಟಿದ ಆ ಹಿರಿಯರಿಗೇ ಏನಾದರೂ ಆಗಿಬಿಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಇಷ್ಟು ಶ್ರಮಪಟ್ಟು ಚಿಂತಿಸಿದವನಿಗೆ ಅದರಿಂದ ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು.

ಇದು ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷಗಳಾದ ಮೇಲಿನ ಮಾತು. ಬಸವನಗುಡಿಯ ನಮ್ಮ ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ನಲವತ್ತು ದಾಟಿದ ನಾನು ಅಟ್ಟದ ಮೇಲಿದ್ದ ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಕೆಳಗಿಳಿಸಿ ಆನ್‌ಲೈನ್ ಹರಾಜಿನಲ್ಲಿ ಮಾರಲು ಶುರುಮಾಡಿದ್ದೆ. ಈ ವ್ಯಾಪಾರದ ಜೀವವಿರುವುದು ಗ್ರೇಡಿನಲ್ಲಿ. ಅಂಗಡಿಯಿಂದ ಆಗತಾನೆ ತಂದಂತಿದ್ದರೆ ‘ಮಿಂಟ್’, ಆಮೇಲೆ ‘ಫೈನ್’, ‘ಗುಡ್’, ಹೀಗೆ ಇಳಿಯುತ್ತ ಇಳಿಯುತ್ತ ‘ಪೂರ್’. ಉಳಿದ ಮಾರಾಟಗಾರರು ನಾಲ್ಕು ಮಡಿಕೆ ಬಿದ್ದ ಪುಸ್ತಕಕ್ಕೂ ‘ಫೈನ್’ ಎಂದು ಬರೆದು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದರು. ನನ್ನ ಕೈಲಿ ಅದಾಗುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಕೂತು, "ಮೂರನೆಯ ಪುಟದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಲೆ, ಬಹುಶಃ ಸಾರು, ಹನ್ನೊಂದನೆಯ ಪುಟದಲ್ಲಿ ಒಂದು ಕೂದಲು, ತೆಗೆದಿದ್ದೇನೆ, ಗುರುತು ಉಳಿದಿದೆ" ಎಂದೆಲ್ಲ ಪಟ್ಟಿ ಮಾಡುತ್ತಿದ್ದೆ. ಬೆನ್ನ ಹಿಂದೆ ನಿಂತು ಓದಿದ ನನ್ನ ಹೆಂಡತಿ ಒಂದು ದಿನ, "ರೀ, ನನ್ನ ನೋಡೋಕ್ಕೆ ಬಂದೋರಿಗೆ ನಮ್ಮಪ್ಪ ಹಿಂಗೆ ಡಿಟೇಲ್ ಕೊಟ್ಟಿದ್ರೆ ನಂಗೆ ಮದುವೇನೇ ಆಗ್ತಿರ್ಲಿಲ್ಲ" ಎಂದಳು.

"ನಿಮ್ಮಪ್ಪ ಕೊಟ್ಟಿರ್ಲಿಲ್ಲ, ಅದಕ್ಕೇ ನಾನಿಲ್ಲಿದೀನಿ" ಎಂದೆ. ಆ ದಿನ ನನಗೆ ಎರಡನೆಯ ಲೋಟ ಕಾಫಿ ಸಿಗಲಿಲ್ಲ.

ಅಟ್ಟದಲ್ಲಿದ್ದ ಪುಸ್ತಕಗಳಲ್ಲಿ ಅರ್ಧದಷ್ಟು ಬಿಡಿ ಸಂಚಿಕೆಗಳು. ಉಳಿದವು ಬೈಂಡ್ ಆದವು. ನಾನು ಹುಡುಗನಾಗಿದ್ದಾಗ ಎಷ್ಟೋ ಮನೆಗಳಲ್ಲಿ, ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಕಿತ್ತು ಕೂಡಿಟ್ಟು, ಕತೆ ಮುಗಿದ ಮೇಲೆ ಬೈಂಡ್ ಮಾಡಿಸುವ ರೂಢಿಯಿತ್ತು. ನಮ್ಮ ತಂದೆ ಆ ರೂಢಿಯನ್ನು ಅತಿರೇಕಕ್ಕೆ ಒಯ್ದಿದ್ದರು. ಬಿಡಿಯಾಗಿರುವ ಯಾವುದೇ ಕಾಗದ ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ನಮ್ಮ ಕಾಮಿಕ್ಸ್‌ಗಳನ್ನೂ ಹತ್ತು ಹತ್ತರಂತೆ ಚಾಮರಾಜಪೇಟೆಗೆ ಒಯ್ದು, ಮೂರು ಕಡೆ ಅಂಚು ಕತ್ತರಿಸಿ, ಪಕ್ಕದಿಂದ ತೂತು ಹೊಡೆದು ಹೊಲಿಸಿ, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂಟಿಸಿಕೊಂಡು ಬರುತ್ತಿದ್ದರು. ಮಕ್ಕಳ ಪುಸ್ತಕ ನೂರು ವರ್ಷ ಬಾಳಲಿ ಎಂಬ ಪ್ರೀತಿ. ಸಂಗ್ರಾಹಕರ ಲೋಕದಲ್ಲಿ ಆ ಪ್ರೀತಿಗೆ ಸಿಗುವ ಗ್ರೇಡು ‘ಪೂರ್’.

ಅಂಥ ಒಂದು ಬೈಂಡನ್ನು ನಾನು ಹರಾಜಿಗೆ ಹಾಕಿದೆ. ಮುಂಬಯಿಯ ಯಾವುದೋ ಕಂಪನಿ ಹೊರತರುತ್ತಿದ್ದ ಕನ್ನಡ ಕಾಮಿಕ್ಸ್‌ನ ಮೊದಲ ಹತ್ತು ಸಂಚಿಕೆಗಳು ಅದರಲ್ಲಿದ್ದವು. ದೋಷಗಳ ಪಟ್ಟಿ ಒಂದೂವರೆ ಪುಟವಾಯಿತು. ಎರಡು ದಿನ ಯಾರೂ ಬೆಲೆ ಕೂಗಲಿಲ್ಲ. ಮೂರನೆಯ ದಿನ ಒಂದು ಪ್ರಶ್ನೆ ಬಂತು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: "ಸರ್, ಮೊದಲನೇ ಸಂಚಿಕೆ, ಇಪ್ಪತ್ಮೂರನೇ ಪೇಜ್, ಎಡಗಡೆ ಕೆಳಗಿನ ಚಿತ್ರ. ಅಲ್ಲಿ ಕಾವಲುಗಾರನ ಬಲೂನಿನಲ್ಲಿ ಅಕ್ಷರ ಇದೆಯಾ, ಖಾಲಿನಾ? ದಯವಿಟ್ಟು ನೋಡಿ ಹೇಳಿ."

ಬಲೂನು ಎಂದರೆ ಪಾತ್ರಗಳ ಬಾಯಿಂದ ಹೊರಟು ಮಾತನ್ನು ಹೊತ್ತು ನಿಲ್ಲುವ ಆ ಬಿಳಿಯ ಗುಳ್ಳೆ. ಕೊಳ್ಳುವವರು ಮುಖಪುಟದ ಬಣ್ಣ ಕೇಳುತ್ತಾರೆ, ಪಿನ್ನಿನ ತುಕ್ಕು ಕೇಳುತ್ತಾರೆ, ಗೆದ್ದಲು ಕೇಳುತ್ತಾರೆ. ಬಲೂನು ಕೇಳಿದವರನ್ನು ನಾನು ಕಂಡಿರಲಿಲ್ಲ. ಪುಸ್ತಕ ತೆಗೆದು ನೋಡಿದರೆ, ಕೋಟೆಯ ಬಾಗಿಲಲ್ಲಿ ಕಾವಲುಗಾರ ಕಾಣುತ್ತಾನೆ, ಅವನ ಬಾಯಿಂದ ಹೊರಟ ಬಲೂನಿನ ಬಾಲವೂ ಕಾಣುತ್ತದೆ. ಬಲೂನು ಮಾತ್ರ ತಂದೆಯವರು ಹಾಕಿಸಿದ ಹೊಲಿಗೆಯ ಸಂದಿಯೊಳಗೆ ಹೂತುಹೋಗಿದೆ. ಚಿಕ್ಕಂದಿನಲ್ಲಿ, ಬೈಂಡ್ ಆಗುವ ಮೊದಲು, ಆ ಸಂಚಿಕೆಯನ್ನು ಮೂವತ್ತು ಸಲವಾದರೂ ಓದಿದ್ದೆ. ಕಾವಲುಗಾರ ಏನಂದ ಎಂಬುದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಟಾರ್ಚು ಬಿಟ್ಟು ನೋಡಿದೆ. ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಹಾಳೆ ಅಗಲಿಸಲು ಹೋದೆ. "ಕಿವಿ ಡಾಕ್ಟರ್ ಆಡ್ದಂಗೆ ಆಡ್ತಿದೀರಲ್ಲ" ಎಂದು ಹೆಂಡತಿ ಕಡ್ಡಿ ಕಿತ್ತುಕೊಂಡಳು.

ಕಾಣುತ್ತಿಲ್ಲ, ಆದರೆ ಯಾಕೆ ಕೇಳಿದಿರಿ ಎಂದು ಉತ್ತರ ಬರೆದು, ಸುಮ್ಮನಿರಲಾರದೆ ನನ್ನ ಫೋನ್ ನಂಬರನ್ನೂ ಕೊಟ್ಟೆ. ಅರ್ಧ ಗಂಟೆಯಲ್ಲಿ ಕರೆ ಬಂತು. ಮೀಸೆಯ ಕಳ್ಳನಲ್ಲ, ಮಲ್ಲೇಶ್ವರದ ಒಬ್ಬ ಹೆಣ್ಣುಮಗಳು.

"ಆ ಅಕ್ಷರಗಳನ್ನೆಲ್ಲ ಕೈಯಲ್ಲಿ ಬರೆದೋರು ನಮ್ಮಪ್ಪ, ಸರ್" ಎಂದಳು.

ಅಲ್ಲಿಯವರೆಗೆ ಆ ಬಲೂನುಗಳೊಳಗಿನ ಕನ್ನಡವನ್ನು ಒಬ್ಬ ಮನುಷ್ಯ ಕೂತು ಬರೆದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮುಂಬಯಿಯಿಂದ ಚಿತ್ರದ ಹಾಳೆಗಳು ಖಾಲಿ ಬಲೂನುಗಳ ಸಮೇತ ಬರುತ್ತಿದ್ದವಂತೆ. ಜೊತೆಗೆ ಅನುವಾದದ ಪ್ರತಿ. ಅವಳ ತಂದೆ ನಿಬ್ಬು ಅದ್ದಿ ಒಂದೊಂದೇ ಬಲೂನು ತುಂಬಿಸಿ ವಾಪಸು ಕಳಿಸಬೇಕು. ಪುಸ್ತಕದಲ್ಲಿ ಎಲ್ಲೂ ಅವರ ಹೆಸರಿಲ್ಲ. ಮೊದಲನೆಯ ಸಂಚಿಕೆಯನ್ನು ಒಯ್ಯಲು ಕಂಪನಿಯ ಆಳು ಬಂದು ಬಾಗಿಲಲ್ಲಿ ನಿಂತಿದ್ದಾಗಲೇ ಅವಳ ತಾಯಿಗೆ ಹೆರಿಗೆ ನೋವು ಶುರುವಾಯಿತು. ಹಾಳೆಗಳನ್ನು ಆತನ ಕೈಗೆ ತುರುಕಿ ಆಸ್ಪತ್ರೆಗೆ ಓಡಿದರು. ಮಗಳು ಹುಟ್ಟಿದಳು, ಈಗ ಫೋನಿನಲ್ಲಿ ಮಾತಾಡುತ್ತಿದ್ದ ಇವಳೇ. ಅದೇ ಸಂಜೆ ತೊಟ್ಟಿಲ ಪಕ್ಕ ಕೂತಿದ್ದಾಗ ಆ ಹಿರಿಯರಿಗೆ ನೆನಪಾಯಿತು: ಇಪ್ಪತ್ಮೂರನೆಯ ಪುಟದ ಕಾವಲುಗಾರನ ಬಲೂನು ತುಂಬಿಸಿದ್ದು ನೆನಪಿಲ್ಲ.

"ಅಂಗಡೀಲಿ ನೋಡ್ಬಹುದಿತ್ತಲ್ಲ?"

"ನೋಡೋಕ್ಕೆ ಭಯ ಸರ್ ಅವ್ರಿಗೆ. ಅಂಗಡಿ ಮುಂದೆ ನೇತುಹಾಕಿದ್ರೆ ರಸ್ತೆ ಆ ಕಡೆಯಿಂದ ಹೋಗೋರಂತೆ. ಧೈರ್ಯ ಬರೋ ಹೊತ್ತಿಗೆ ಪುಸ್ತಕ ಎಲ್ಲೂ ಇರ್ಲಿಲ್ಲ. ಈಗ್ಲೂ ಊಟಕ್ಕೆ ಕೂತಾಗ ಇದ್ದಕ್ಕಿದ್ದಂಗೆ, ‘ಆ ಬಲೂನು ಏನಾಯ್ತೋ’ ಅಂತಾರೆ. ಒಂದ್ಸಲ ತಿಳ್ಕೊಂಡುಬಿಟ್ರೆ ಸಾಕು ಅಂತಾರೆ."

ಮೂವತ್ತು ವರ್ಷ ಒಂದೇ ಚಿಂತೆ! ನಾನು ದಿನಕ್ಕೆ ಎಂಟು ಬದಲಿಸುವವನು. ಫೋನಿನಲ್ಲೇ ಆ ಹಿರಿಯರ ಮೇಲೆ ನನಗೆ ಗೌರವ ಹುಟ್ಟಿತು.

ಹರಾಜನ್ನು ಹಿಂತೆಗೆದುಕೊಂಡು ಮರುದಿನವೇ ಬೈಂಡನ್ನು ಚಾಮರಾಜಪೇಟೆಗೆ ಒಯ್ದೆ. ತಂದೆಯವರು ಹೋಗುತ್ತಿದ್ದ ಅಂಗಡಿ ಇನ್ನೂ ಇತ್ತು. ಬೈಂಡರು ಅರವತ್ತು ದಾಟಿದವರು, ಮೊಣಕೈವರೆಗೆ ಮೈದಾ ಗೋಂದು. ಪುಸ್ತಕ ತಿರುಗಿಸಿ ನೋಡಿ, ದಾರದ ಗಂಟನ್ನು ಉಗುರಿನಿಂದ ಮೀಟಿ, "ನನ್ನ ಹೊಲಿಗೆ" ಎಂದರು.

"ಇದನ್ನ ಬಿಚ್ಬೇಕಿತ್ತು."

"ಏನಾಗಿದೆ ಇದಕ್ಕೆ? ಕಲ್ಲಿನಂಗಿದೆ."

"ಏನೂ ಆಗಿಲ್ಲ. ಸುಮ್ನೆ ಬಿಚ್ಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಲವತ್ತು ವರ್ಷದಿಂದ ಕಟ್ಟಿ ಅಂತ ಬರ್ತಾರೆ ಸಾರ್. ಬಿಚ್ಚಿ ಅಂತ ಬಂದೋರು ನೀವೊಬ್ರೇ. ಏನಿದು, ಡೈವೋರ್ಸ್ ಕೇಸಾ?"

ಬಲೂನಿನ ಕತೆ ಹೇಳಿದೆ. ಬೈಂಡರು ಕೈ ತೊಳೆದು ಬಂದರು. ಬೆನ್ನಿನ ಬಟ್ಟೆಯ ಮೇಲೆ ಒದ್ದೆ ಅರಿವೆ ಹೊದಿಸಿ ಗೋಂದು ಮೆತ್ತಗಾಗಲು ಬಿಟ್ಟು, ಬ್ಲೇಡು ತೆಗೆದುಕೊಂಡರು. ನಾನು ಹತ್ತಿರ ಬಾಗಿದೆ.

"ಸಾರ್, ಉಸಿರು ನನ್ನ ಕತ್ತಿಗೆ ತಾಗ್ತಿದೆ. ಹೋಗಿ ಟೀ ಕುಡ್ಕೊಂಡ್ ಬನ್ನಿ."

"ಪರವಾಗಿಲ್ಲ, ಇಲ್ಲೇ ಇರ್ತೀನಿ."

"ನಿಮಗೆ ಪರವಾಗಿಲ್ಲ. ನನ್ನ ಕೈ ನಡುಗುತ್ತೆ."

ಹೊರಗೆ ಹೋಗಿ ರಸ್ತೆಯಲ್ಲಿ ನಿಂತೆ. ತರಗುಪೇಟೆ ಕಡೆಯಿಂದ ಬೇಳೆ ಮೂಟೆ ಹೊತ್ತ ಗಾಡಿಗಳು ಹೋಗುತ್ತಿದ್ದವು. ಹನ್ನೆರಡು ಗಾಡಿ ಎಣಿಸುವಷ್ಟರಲ್ಲಿ ಒಳಗಿನಿಂದ ಕೂಗು ಬಂತು. ದಾರ ಒಂದು ಕಡೆ, ಹತ್ತು ಸಂಚಿಕೆಗಳು ಇನ್ನೊಂದು ಕಡೆ. ಮೊದಲನೆಯದು ಎಲ್ಲಕ್ಕಿಂತ ಮೇಲೆ, ಮುಖಪುಟ ಸಮೇತ. ಇಪ್ಪತ್ಮೂರನೆಯ ಪುಟವನ್ನು ಇಬ್ಬರೂ ಸೇರಿ ತೆರೆದೆವು.

ಬಲೂನು ಖಾಲಿಯಿತ್ತು. ಹೊಲಿಗೆಯ ಮೂರು ತೂತು ಬಿಟ್ಟರೆ ಶುದ್ಧ ಬಿಳಿ. ಪಕ್ಕದ ಚಿತ್ರದಲ್ಲಿ ಕಥಾನಾಯಕ ಎದೆಯುಬ್ಬಿಸಿ "ನಾನೇ!" ಎನ್ನುತ್ತಿದ್ದ. ಆಗ ನೆನಪಾಯಿತು. ಯಾರೂ ಏನೂ ಕೇಳದೆ ಅವನು ‘ನಾನೇ’ ಎನ್ನುವುದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೆ; ವೀರರ ಸ್ವಭಾವವೇ ಹಾಗಿರಬೇಕು ಎಂದುಕೊಂಡು ಪುಟ ತಿರುಗಿಸಿದ್ದೆ.

"ಅಯ್ಯೋ ಪಾಪ" ಎಂದರು ಬೈಂಡರು.

ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು, "ಅಪ್ಪಂಗೆ ನಾನು ಹೇಳಲ್ಲ ಸರ್. ಅವ್ರೇ ನೋಡ್ಲಿ. ನೀವು ಹರಾಜಿಗೆ ಹಾಕಿ, ತಗೋತೀನಿ. ಆದ್ರೆ ಅದನ್ನ ಮಾತ್ರ ಪಟ್ಟೀಲಿ ಬರೀಬೇಡಿ. ನೀವು ಬರೆಯೋದನ್ನ ಅಪ್ಪ ಒಂದಕ್ಷರ ಬಿಡದೆ ಓದ್ತಾರೆ" ಎಂದಳು.

ಹಾಗೆ ನಾನು ಮೊದಲ ಬಾರಿಗೆ ಒಂದು ದೋಷವನ್ನು ಬಚ್ಚಿಟ್ಟು, ಆ ಮೊದಲ ಸಂಚಿಕೆಯೊಂದನ್ನೇ ಹರಾಜಿಗೆ ಹಾಕಿದೆ. ಬೇರೆ ಯಾರಾದರೂ ಹೆಚ್ಚು ಕೂಗಿದರೆ ಎಂದು ಏಳು ದಿನ ಒದ್ದಾಡಿದೆ. ಯಾರೂ ಕೂಗಲಿಲ್ಲ. ಹೊಲಿಗೆ ತೂತು, ಕತ್ತರಿಸಿದ ಅಂಚು, ಗೋಂದಿನ ಕಲೆ ಇತ್ಯಾದಿ ಹದಿನಾಲ್ಕು ದೋಷಗಳನ್ನು ಓದಿದ ಮೇಲೂ ಕೊಳ್ಳಲು ಬಂದವಳು ಅವಳೊಬ್ಬಳೇ. ಕೊರಿಯರ್‌ನವರನ್ನು ನಂಬದೆ, ಭಾನುವಾರ ಬೆಳಿಗ್ಗೆ ಎರಡು ರಟ್ಟುಗಳ ನಡುವೆ ಪುಸ್ತಕವಿಟ್ಟು, ಎದೆಗವಚಿಕೊಂಡು, ಎರಡು ಬಸ್ಸು ಬದಲಿಸಿ ನಾನೇ ಹೋದೆ.

ಹಿರಿಯರು ಕಿಟಕಿಯ ಹತ್ತಿರ ಇಳಿಜಾರು ಮೇಜಿನ ಮುಂದೆ ಕೂತಿದ್ದರು. "ಬನ್ನಿ, ಬನ್ನಿ" ಎಂದು ಎದ್ದರು. ಪುಸ್ತಕ ಕೊಟ್ಟೆ. ನೇರ ಇಪ್ಪತ್ಮೂರಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲ ಪುಟದಿಂದ ಶುರುಮಾಡಿದರು. ಪ್ರತಿ ಬಲೂನನ್ನೂ ನೋಡಿದರು. ಇಪ್ಪತ್ತೆರಡಕ್ಕೆ ಬಂದು ನಿಂತು, ಕನ್ನಡಕ ಒರೆಸಿಕೊಂಡು, ಕಣ್ಣನ್ನು ಎದುರಿನ ಪುಟಕ್ಕೆ ಸರಿಸಿದರು. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಖಾಲಿ" ಎಂದರು ಹಿರಿಯರು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ, "ನಾನು ಅಂದ್ಕೊಂಡಿದ್ದೇ ಸರಿ. ತಲೆ ಕೆಟ್ಟಿರ್ಲಿಲ್ಲ ನಂಗೆ" ಎಂದು ಒಂದು ದೊಡ್ಡ ಉಸಿರು ಬಿಟ್ಟರು.

ಸಮಾಧಾನ ಹೇಳುವುದು ನನ್ನ ಕರ್ತವ್ಯವೆನಿಸಿತು. "ಸರ್, ಚಿಕ್ಕೋನಿದ್ದಾಗ ಮೂವತ್ತು ಸಲ ಓದಿದೀನಿ. ಏನೋ ಬಿಟ್ಟುಹೋಗಿದೆ ಅಂತ ಒಂದ್ಸಲಾನೂ ಅನ್ನಿಸಲಿಲ್ಲ."

"ಹಂಗಾದ್ರೆ ಬರೆದಿದ್ದನ್ನೂ ನೀವು ಓದ್ಲಿಲ್ಲ ಅಂತಾಯ್ತು!" ಎಂದು ಅವರು ನಕ್ಕರು. ಮಗಳೂ ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ಆಮೇಲೆ ಅವರು ಮೇಜಿನ ಮೂಲೆಯಿಂದ ನಿಬ್ಬು, ಕಪ್ಪು ಇಂಕು ಹತ್ತಿರಕ್ಕೆ ಎಳೆದುಕೊಂಡರು. "ಈಗಿದು ನನ್ನ ಪುಸ್ತಕ ತಾನೆ?"

ಒಳಪುಟದಲ್ಲಿ ಶಾಯಿ ಬರಹ ಎಂದರೆ ಕನಿಷ್ಠ ಒಂದು ಗ್ರೇಡು ಕೆಳಕ್ಕೆ. ‘ಪೂರ್’ಗಿಂತ ಕೆಳಗೆ ಏನಿದೆ ಎಂದು ಒಂದು ಕ್ಷಣ ಲೆಕ್ಕ ಹಾಕಿ, "ನಿಮ್ಮದೇ ಸರ್" ಎಂದೆ.

ಅವರು ನಿಬ್ಬು ಅದ್ದಿ ಹಾಳೆಯ ಮೇಲೆ ಬಾಗಿದರು. ಹೊಲಿಗೆಯ ತೂತುಗಳನ್ನು ತಪ್ಪಿಸಿ, ಗುಂಡಗೆ, ಉಳಿದ ಬಲೂನುಗಳಲ್ಲಿದ್ದ ಅದೇ ಬರಹದಲ್ಲಿ, ಕಾವಲುಗಾರನ ಬಾಯಿಗೆ ಮಾತು ಬಂತು: "ಯಾರದು?" ಪಕ್ಕದ ಚಿತ್ರದ ವೀರ "ನಾನೇ!" ಎಂದ, ಈ ಸಲ ಕೇಳಿಸಿಕೊಂಡು.

ಅಷ್ಟರಲ್ಲಿ ಮಗಳು ತಟ್ಟೆಯಲ್ಲಿ ಮೂರು ಲೋಟ ಕಾಫಿ ಹಿಡಿದು ಬಂದಳು, ಅಂಚಿನವರೆಗೆ ನೊರೆ, ನೇರ ಮೇಜಿನ ಕಡೆಗೆ. ಒಂದು ಹನಿ ಬಿದ್ದರೂ ಎಂಬ ಗಾಬರಿಯಲ್ಲಿ ನಾನು ಹಾರಿ ಪುಸ್ತಕವನ್ನು ಪಟ್ಟನೆ ಮುಚ್ಚಿ, ಅಂಗೈಯಿಂದ ಒತ್ತಿ ಹಿಡಿದೆ.

"ಇಂಕು ಆರಿಲ್ಲ ಕಣ್ರೀ!" ಎಂದರು ಹಿರಿಯರು.

ತೆರೆದು ನೋಡಿದೆವು. ಕಾವಲುಗಾರನ ಮಾತು ಸ್ವಲ್ಪ ಮಂಕಾಗಿತ್ತು, ಅಳಿಸಿಹೋಗಿರಲಿಲ್ಲ. ಎದುರಿನ ಪುಟದ ಕೆಳಗಿನ ಮೂಲೆಯಲ್ಲಿ ಮೇಯುತ್ತಿದ್ದ ಕುದುರೆಯ ಹೊಟ್ಟೆಯ ಮೇಲೆ, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾಗಿ, ಇನ್ನೊಂದು "ಯಾರದು?" ಮೂಡಿತ್ತು.