ಬರೀ ಸೀರಂ ಹಾಕಿದ ಪ್ಲೇಟು

ನಮ್ಮ ಗೈಡ್ ಮೇಡಂ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿ ಗಟ್ಟಿಕಟ್ಟಿತ್ತು. ವರ್ಷಾನುಗಟ್ಟಲೆ ದ್ರವ ಅಳೆದು ಹಾಕುವ ಪಿಪೆಟ್ ಒತ್ತಿದ ಗುರುತು. ಕೆಂಗೇರಿ ಕಡೆಯ ಆ ಸಣ್ಣ ಪ್ರಯೋಗಾಲಯಕ್ಕೆ ನಾನು ಸೇರಿದ ಸೋಮವಾರ ಅವರು ವಿಷಯ ತಿಳಿಸಿದ್ದು ಹೀಗೆ: "ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹೋಗೋಕ್ಮುಂಚೆ ಪುಟ್ಟ ಪುಟ್ಟ ಪೊಟ್ಟಣ ಕಳ್ಸುತ್ತೆ ಕಣಮ್ಮಾ. ಅದೇ ಎಕ್ಸೋಸೋಮ್. ಬಾಡಿಗೆ ಮನೆಗೆ ಮೊದ್ಲೇ ಸಾಮಾನು ಕಳ್ಸಿ ಜಾಗ ಮಾಡ್ಕೊಂಡ ಹಾಗೆ."

ಮೇಡಂ ಬಸವೇಶ್ವರನಗರದಿಂದ ಭಾನುವಾರವೂ ಬರುತ್ತಿದ್ದರು. ಪ್ಲೇಟುಗಳಲ್ಲಿ ಬೆಳೆಸುವ ಜೀವಕೋಶಗಳಿಗೆ ಆಹಾರ ಬದಲಿಸಿದ ಮೇಲೆಯೇ ತಮ್ಮ ಡಬ್ಬಿ ತೆರೆಯುವುದು. "ಅವಕ್ಕೆ ರಜ ಗೊತ್ತಾಗಲ್ಲ" ಎನ್ನುತ್ತಿದ್ದರು.

ಆ ಆಹಾರಕ್ಕೆ ಕರುವಿನ ರಕ್ತದ ಸೀರಂ ಬೆರೆಸುತ್ತೇವೆ. ಸೀರಂನಲ್ಲಿ ಕರುವಿನದೇ ಎಕ್ಸೋಸೋಮ್‌ಗಳಿರುತ್ತವೆ. ಇಡೀ ರಾತ್ರಿ ಯಂತ್ರದಲ್ಲಿ ತಿರುಗಿಸಿ ಅವನ್ನು ತೆಗೆಯಬೇಕು, ಇಲ್ಲದಿದ್ದರೆ ಕ್ಯಾನ್ಸರಿನವುಗಳ ಜೊತೆ ಬೆರೆತುಹೋಗುತ್ತವೆ. ಮೇಡಂಗೆ ನಿವೃತ್ತಿ ಹತ್ತಿರವಾಗಿತ್ತು, ಪ್ರಬಂಧ ಅಚ್ಚಾದರೆ ಮಾತ್ರ ಯೋಜನೆ ಮುಂದುವರಿಯುತ್ತಿತ್ತು. ಯಂತ್ರಕ್ಕೆ ಸರದಿಯೂ ಇತ್ತು. ಮೇಡಂ ಎರಡೇ ಗಂಟೆ ತಿರುಗಿಸಿ ಸಾಕು ಅಂದರು. ಕ್ಯಾನ್ಸರಿನ ಎಕ್ಸೋಸೋಮ್ ಹಾಕಿದ ಲಿವರ್ ಕೋಶಗಳಿಗೆ ಕ್ಯಾನ್ಸರ್ ಕೋಶಗಳು ಬಹಳ ಚೆನ್ನಾಗಿ ಅಂಟಿಕೊಂಡವು. ಪ್ರಬಂಧ ಪತ್ರಿಕೆಗೆ ಹೋಯಿತು, ಒಪ್ಪಿಗೆಯೂ ಬಂತು.

ಆಮೇಲೆ ಅವರಿಗೇ ಸಮಾಧಾನವಾಗಲಿಲ್ಲ. ಕ್ಯಾನ್ಸರಿನ ಎಕ್ಸೋಸೋಮ್ ಒಂದೂ ಇಲ್ಲದೆ, ಬರೀ ಸೀರಂನಿಂದ ಬಂದ ಎಕ್ಸೋಸೋಮ್‌ಗಳನ್ನು ಲಿವರ್ ಕೋಶಗಳಿಗೆ ಹಾಕಿಸಿದರು. ಅಲ್ಲೂ ಕ್ಯಾನ್ಸರ್ ಕೋಶಗಳು ಅಂಟಿಕೊಂಡವು. ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಕರು ಹೇಳಿದ್ದನ್ನ ಕ್ಯಾನ್ಸರ್ ಹೇಳ್ತು ಅಂತ ಬರ್ದಿದೀನಿ ನೋಡು" ಎಂದು ಸಣ್ಣಗೆ ನಕ್ಕರು.

"ಪತ್ರಿಕೆಯವ್ರು ಯಾರೂ ಈ ಪ್ಲೇಟ್ ಕೇಳಿಲ್ವಲ್ಲ ಮೇಡಂ" ಎಂದೆ.

"ಕೇಳಲ್ಲ. ಇದನ್ನ ನಂಬ್ಕೊಂಡು ಎಲ್ಲೋ ನಿನ್ನಂಥವಳೊಬ್ಳು ಮೂರು ವರ್ಷ ಹಾಳ್ಮಾಡ್ಕೋತಾಳೆ. ಸುಮ್ನೆ ಮೇಲ್ ಟೈಪ್ ಮಾಡು."

ತಪ್ಪು ತಮ್ಮದೇ ಎಂದು ಬರೆಸಿ ಪ್ರಬಂಧ ಹಿಂದಕ್ಕೆ ಪಡೆದರು. ಯೋಜನೆ ನಿಂತಿತು. ನನ್ನನ್ನು ವಿಜಯನಗರದ ತಮ್ಮ ಗೆಳತಿಯೊಬ್ಬರ ಪ್ರಯೋಗಾಲಯಕ್ಕೆ ಸೇರಿಸಿ, ಮೇ ತಿಂಗಳ ಕೊನೆಯಲ್ಲಿ ನಿವೃತ್ತರಾದರು.

ಅಲ್ಲಿ ಸೀರಂ ರಾತ್ರಿಯಿಡೀ ತಿರುಗಿಸಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಈ ಸಲ ಬರೀ ಸೀರಂ ಹಾಕಿದ ಪ್ಲೇಟಿನಲ್ಲಿ ಏನೂ ಅಂಟಲಿಲ್ಲ. ಕ್ಯಾನ್ಸರ್‌ನ ಎಕ್ಸೋಸೋಮ್ ಹಾಕಿದ ಕಡೆ ಅಂಟಿಕೊಂಡವು, ಆದರೆ ಮೊದಲಿನ ಅರ್ಧದಷ್ಟೂ ಇಲ್ಲ. ಮೇಡಂಗೆ ಫೋನ್ ಮಾಡಿದೆ. ಆಗಲೇ ಹೃದಯದ ತೊಂದರೆಯಿಂದ ಅವರ ಮಾತು ನಿಧಾನವಾಗಿತ್ತು.

"ಕಮ್ಮಿ ಬಂತಾ?"

"ಬಹಳ ಕಮ್ಮಿ ಮೇಡಂ."

"ಬಂತಲ್ಲ. ಅಷ್ಟನ್ನೇ ಬರಿ."

ಅದಾಗಿ ಮೂರನೆಯ ಶುಕ್ರವಾರ ಅವರು ತೀರಿಕೊಂಡರು. ನನ್ನ ಪ್ರಬಂಧ ಈ ತಿಂಗಳು ಅಚ್ಚಾಯಿತು. ಅಷ್ಟನ್ನೇ ಬರೆದಿದ್ದೇನೆ.